ನಡುವನ್ನು ಕಾಯುವ ಪುಟ್ಟ ಯಂತ್ರ

ಗಡಿನಾಡಿನ ಕನ್ನಡಿಗರು ಸ್ಮರಣ ಸಂಚಿಕೆಗೆ ಬರೆಯಲು ಕುಳಿತರೆ ಶಾಸನ, ದೇಗುಲ, ಹೇಮಾವತಿಯ ನೊಳಂಬರು, ರಾಜ್ಯಗಳ ಪುನರ್ವಿಂಗಡಣೆ ಎಂಬ ನಾಲ್ಕು ಕಂಬಗಳ ನಡುವೆಯೇ ಲೇಖನಿ ಸುತ್ತುವುದು ವಾಡಿಕೆ. ಆ ಕಂಬಗಳು ಗಟ್ಟಿಯಾಗಿವೆ; ಅವುಗಳ ನೆರಳಿನಲ್ಲಿಯೇ ನಾವೂ ಬೆಳೆದವರು. ಆದರೂ ಈ ಬಾರಿ ನಾವು ಆರಿಸಿಕೊಂಡಿರುವ ವಸ್ತು ತೀರ ಸಣ್ಣದು. ನಿಜವಾದ ಗಾತ್ರದ ಇಪ್ಪತ್ತನಾಲ್ಕನೆಯ ಒಂದು ಪಾಲಿಗೆ ಇಳಿಸಿ ಮಾಡಿದ ರೇಡಿಯೋ ಕಾರಿನೊಳಗೆ ಮುಂಚಕ್ರಗಳನ್ನು ತಿರುಗಿಸುವ ಸರ್ವೋ ಎಂಬ ಯಂತ್ರ, ಮತ್ತು ಅದನ್ನು ತೆಗೆದು ಹೆಚ್ಚು ಗಟ್ಟಿಯಾದದ್ದನ್ನು ಕೂರಿಸಿದ ಕೆಲಸ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಈ ವಸ್ತುವಿಗೆ ಸಾಹಿತ್ಯ ಸಮಾವೇಶದಲ್ಲಿ ಏನು ಕೆಲಸವೆಂದು ಓದುಗರು ಕೇಳಿದರೆ, ಉತ್ತರವನ್ನು ಮುಚ್ಚಿಡದೆ ಈಗಲೇ ಹೇಳುತ್ತೇವೆ: ನಮ್ಮ ಮನೆಯ ಹುಡುಗನು ಯಾರ ಒತ್ತಾಯವೂ ಇಲ್ಲದೆ ಮೊದಲ ಬಾರಿಗೆ ಕನ್ನಡದಲ್ಲಿ ಎರಡು ಪುಟ ಬರೆದದ್ದು ಇದರ ಕುರಿತಾಗಿಯೇ.

ನಮ್ಮದು ಕಂಬದೂರು. ಉತ್ತರಕ್ಕೆ ಕಲ್ಯಾಣದುರ್ಗ, ದಕ್ಷಿಣಕ್ಕೆ ಗಡಿಯಾಚೆ ಪಾವಗಡ. 1882ರಲ್ಲಿ ಅನಂತಪುರ ಜಿಲ್ಲೆ ರೂಪುಗೊಳ್ಳುವವರೆಗೆ ಈ ಸೀಮೆಯು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರಲ್ಲಿ ಆಂಧ್ರ ರಾಜ್ಯದೊಳಗೆ ಬಂದಿತು. ಕೆಂಪು ನೆಲ, ಗರಸು, ಕಡಲೆಕಾಯಿ ಹೊಲ, ವರ್ಷಕ್ಕೆ ಸುಮಾರು 550 ಮಿಲಿಮೀಟರಿನಷ್ಟೇ ಮಳೆ ಕಾಣುವ ಜಿಲ್ಲೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು. ಒಂಬತ್ತನೆಯ ತರಗತಿಯಲ್ಲಿರುವ ನಮ್ಮ ತಮ್ಮನ ಮಗನಿಗೆ ಮೂರು ನುಡಿಗಳೂ ಬರುತ್ತವೆ. ಆದರೆ ಕನ್ನಡವು ಅವನ ಪಾಲಿಗೆ ಊಟಕ್ಕೆ ಕರೆಯುವ, ಅಜ್ಜಿಯ ಮೊಣಕಾಲು ನೋವನ್ನು ವಿಚಾರಿಸುವ ಭಾಷೆಯಾಗಿ ಉಳಿದಿತ್ತು. ಲೆಕ್ಕ, ಯಂತ್ರ, ವಿಜ್ಞಾನ ಎಂದೊಡನೆ ನಾಲಿಗೆ ಬೇರೆಡೆಗೆ ಹೊರಳುತ್ತಿತ್ತು. ನಮ್ಮ ಕಳವಳವಿದ್ದದ್ದು ಅಲ್ಲಿಯೇ. ಒಂದು ಭಾಷೆಯನ್ನು ಯಾರೂ ಒಂದೇ ದಿನದಲ್ಲಿ ಬಿಡುವುದಿಲ್ಲ. ಒಂದೊಂದೇ ಕೆಲಸದಿಂದ ಅದನ್ನು ಹೊರಗಿಡುತ್ತ ಬರುತ್ತಾರೆ.

ಕಾರನ್ನು ಬೆಂಗಳೂರಿನಲ್ಲಿರುವ ಅವನ ಸೋದರಮಾವ ಉಡುಗೊರೆಯಾಗಿ ಕೊಟ್ಟಿದ್ದರು. ಅರ್ಧ ಕಿಲೋ ಕೂಡ ತೂಗದ, ಕಲ್ಲುಬಂಡೆಗಳನ್ನು ನಿಧಾನವಾಗಿ ಹತ್ತುವ ಬಗೆಯದು. ಮನೆಯ ನುಣುಪು ನೆಲದ ಮೇಲೆ ಸರಾಗವಾಗಿ ಹೊರಳುತ್ತಿದ್ದ ಅದು ಹಿತ್ತಿಲಿನ ಗರಸಿಗೆ ಇಳಿದೊಡನೆ ಹಟ ಹಿಡಿಯತೊಡಗಿತು. ಚಕ್ರದ ಪಕ್ಕಕ್ಕೆ ಹುಣಸೆಬೀಜದಷ್ಟು ಕಲ್ಲು ತಾಗಿದರೂ ಸಾಕು, ತಿರುಗುತ್ತಿರಲಿಲ್ಲ. ತಿರುಗಿದರೆ ಮತ್ತೆ ನೆಟ್ಟಗಾಗುತ್ತಿರಲಿಲ್ಲ. ಒಳಗಿನಿಂದ ಟಕಟಕ ಸದ್ದು. “ದೊಡ್ಡಪ್ಪ, ಇದು ನನ್ನ ಮಾತು ಕೇಳ್ತಿಲ್ಲ” ಎಂದು ಹುಡುಗ ತಂದು ಮುಂದಿಟ್ಟ. ತಮ್ಮನು, “ಕೆಟ್ಟರೆ ಬಿಸಾಕು, ಮುಂದಿನ ವರ್ಷ ಹತ್ತನೇ ಕ್ಲಾಸು, ಪುಸ್ತಕ ಹಿಡಿ” ಎಂದ. ಅವನ ಮಾತಿನಲ್ಲಿಯೂ ತಂದೆಯ ಚಿಂತೆ ಇತ್ತು. ಆದರೆ ಕೆಟ್ಟದ್ದನ್ನು ಏಕೆ ಕೆಟ್ಟಿತೆಂದು ತಿಳಿಯದೆ ಎಸೆಯುವುದು ಕೂಡ ಒಂದು ಪಾಠವೇ. ಆ ಪಾಠವನ್ನು ಹುಡುಗ ಕಲಿಯುವುದು ನಮಗೆ ಬೇಕಿರಲಿಲ್ಲ.

ಎತ್ತು ನಿಧಾನವಾದರೆ ಬಾರುಕೋಲು ಎತ್ತುವ ಮೊದಲು ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದೆಯೇ ನೋಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸರ್ವೋ ಬದಲಿಸುವ ಮೊದಲು ಮಾಡಬೇಕಾದದ್ದೂ ಅದನ್ನೇ. ಸರ್ವೋದ ತೋಳಿಗೂ ಚಕ್ರಗಳಿಗೂ ನಡುವೆ ಇರುವ ಕಡ್ಡಿಯನ್ನು ಕಳಚಿ, ಚಕ್ರಗಳನ್ನು ಬೆರಳಿನಿಂದ ತಿರುಗಿಸಿ ನೋಡಿದೆವು. ಕೀಲುಗಳಲ್ಲಿ ಕೆಂಪು ಧೂಳು ತುಂಬಿತ್ತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೊಡವಿದಾಗ ಹಗುರವಾದವು. ಬ್ಯಾಟರಿಯನ್ನು ಪೂರ್ತಿ ತುಂಬಿಸಿದೆವು. ಆಮೇಲೆಯೂ ಸರ್ವೋದ ತೋಳನ್ನು ಎರಡು ಬೆರಳುಗಳಲ್ಲಿ ಮೆಲ್ಲಗೆ ತಡೆದರೆ ಅದೇ ಟಕಟಕ. ರೋಗದ ಮನೆ ಸಿಕ್ಕಿತು. ಪೆಟ್ಟಿಗೆಯ ನಾಲ್ಕು ಸ್ಕ್ರೂಗಳನ್ನು ಬಿಚ್ಚಿದಾಗ ಪ್ಲಾಸ್ಟಿಕ್ಕಿನ ಹಲ್ಲುಚಕ್ರವೊಂದರಲ್ಲಿ ಎರಡು ಹಲ್ಲು ಸವೆದು ಬೋಳಾಗಿದ್ದವು.

ಬಿಚ್ಚಿದ ಆ ಪೆಟ್ಟಿಗೆಯೊಳಗೆ ನಾವಿಬ್ಬರೂ ಕಂಡದ್ದು ಒಂದು ಪುಟ್ಟ ಲೋಕ. ಬೆರಳ ತುದಿಯಷ್ಟು ಮೋಟಾರು. ಅದರ ವೇಗವನ್ನು ತಗ್ಗಿಸಿ ಬಲವಾಗಿ ಮಾರ್ಪಡಿಸುವ ಹಲ್ಲುಚಕ್ರಗಳ ಸಾಲು. ಕೊನೆಯ ದಂಡಕ್ಕೆ ಅಂಟಿಕೊಂಡಂತೆ ಒಂದು ಪೊಟೆನ್ಷಿಯೋಮೀಟರ್, ಅಂದರೆ ಹಳೆಯ ರೇಡಿಯೋದಲ್ಲಿ ಸದ್ದನ್ನು ಏರಿಸಿ ಇಳಿಸುತ್ತಿದ್ದ ಗುಂಡಿಯ ಒಳಗಿರುವಂಥದೇ ವಸ್ತು. ಜೊತೆಗೆ ಉಗುರಿನಗಲದ ವಿದ್ಯುತ್ ಫಲಕ. ರಿಸೀವರು ಸೆಕೆಂಡಿಗೆ ಸುಮಾರು ಐವತ್ತು ಬಾರಿ ಈ ಫಲಕಕ್ಕೆ ಒಂದು ಮಿಡಿತವನ್ನು ಕಳಿಸುತ್ತದೆ. ಮಿಡಿತದ ಉದ್ದವೇ ಆಜ್ಞೆ: ಒಂದೂವರೆ ಮಿಲಿಸೆಕೆಂಡು ಇದ್ದರೆ ನಡುವಿನಲ್ಲಿ ನಿಲ್ಲು; ಒಂದರ ಕಡೆಗೆ ಇಳಿದರೆ ಒಂದು ಪಕ್ಕ, ಎರಡರ ಕಡೆಗೆ ಏರಿದರೆ ಇನ್ನೊಂದು ಪಕ್ಕ. ತಾನು ಈಗ ಎಲ್ಲಿರುವೆನೆಂಬುದನ್ನು ಪೊಟೆನ್ಷಿಯೋಮೀಟರು ತಿಳಿಸುತ್ತದೆ. ಎಲ್ಲಿರಬೇಕು, ಎಲ್ಲಿದ್ದೇನೆ ಎಂಬ ಎರಡನ್ನೂ ಹೋಲಿಸಿ, ವ್ಯತ್ಯಾಸ ಇರುವವರೆಗೆ ಮೋಟಾರನ್ನು ನಡೆಸುವುದೇ ಸರ್ವೋದ ಇಡೀ ಬಾಳು. ನೆಟ್ಟಗೆ ನಿಂತಂತೆ ಕಾಣುವಾಗಲೂ ಅದು ಸುಮ್ಮನಿರುವುದಿಲ್ಲ. ಕಲ್ಲು ಪಕ್ಕಕ್ಕೆ ತಳ್ಳಿದಾಗಲೆಲ್ಲ ತನ್ನ ನಡುವಿಗೆ ಮರಳುತ್ತಿರುತ್ತದೆ.

ಸರ್ವೋ ಎಂಬ ಹೆಸರಿನ ಮೂಲ ಲ್ಯಾಟಿನ್ನಿನ ದಾಸನೆಂಬ ಅರ್ಥದ ಪದ. ಫ್ರಾನ್ಸಿನ ಜೋಸೆಫ್ ಫಾರ್ಕೋ ಎಂಬ ಇಂಜಿನಿಯರು 1873ರಲ್ಲಿ ಪ್ರಕಟಿಸಿದ ಪುಸ್ತಕದಿಂದ ‘ಸರ್ವೋಮೋಟಾರು’ ಎಂಬ ಮಾತು ಬಳಕೆಗೆ ಬಂತು. ಅವನ ಮುಂದಿದ್ದ ಪ್ರಶ್ನೆಯೂ ತಿರುಗಿಸುವುದರದೇ: ಭಾರಿ ಹಡಗಿನ ಚುಕ್ಕಾಣಿಯನ್ನು ಒಬ್ಬನೇ ಮನುಷ್ಯನ ಕೈಗೆ ಉಗಿಯ ಬಲದಿಂದ ಅಧೀನಗೊಳಿಸುವುದು ಹೇಗೆ ಎಂಬುದು. ಅದಕ್ಕೆ ಮೊದಲೇ, 1860ರ ದಶಕದಲ್ಲಿ, ‘ಗ್ರೇಟ್ ಈಸ್ಟರ್ನ್’ ಎಂಬ ಬೃಹತ್ ಹಡಗಿಗೆ ಅಂಥ ಉಗಿ ಚುಕ್ಕಾಣಿಯನ್ನು ಕೂರಿಸಿದ್ದರು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ದೋಣಿಯೊಂದನ್ನು ತಿರುಗಿಸಿ ತೋರಿಸಿದ. ಈ ಎರಡು ಕಥೆಗಳು ಕೂಡಿದ ಜಾಗದಲ್ಲಿ ಹುಡುಗನ ಕಾರು ನಿಂತಿದೆ. 2019ರಿಂದ ನಮ್ಮ ಪೆನುಕೊಂಡದ ಬಳಿ ಕಿಯಾ ಕಾರುಗಳು ತಯಾರಾಗುತ್ತಿವೆ. ಈಗಿನ ಅಂಥ ಕಾರುಗಳಲ್ಲಿ ಚಾಲಕನ ಕೈಯೊತ್ತಡವನ್ನು ಅಳೆದು ವಿದ್ಯುತ್ ಮೋಟಾರು ನೆರವಾಗುತ್ತದೆ. ಅಲ್ಲಿ ಮೋಟಾರು ಸಹಾಯಕ. ಆಟದ ಕಾರಿನಲ್ಲಿ ಎಲ್ಲ ಭಾರವೂ ಸರ್ವೋದ ಮೇಲೆಯೇ.

ಹೊಸ ಸರ್ವೋ ಆರಿಸುವಾಗ ಹುಡುಗನಿಗೆ ಎಲ್ಲಕ್ಕಿಂತ ಬಲವಾದದ್ದೇ ಬೇಕೆಂಬ ಆಸೆ. ಬಲವನ್ನು ಕಿಲೋ-ಸೆಂಟಿಮೀಟರುಗಳಲ್ಲಿ ಹೇಳುತ್ತಾರೆ. ಎರಡು ಕಿಲೋ-ಸೆಂಟಿಮೀಟರೆಂದರೆ ದಂಡದ ನಡುವಿನಿಂದ ಒಂದು ಸೆಂಟಿಮೀಟರು ದೂರದಲ್ಲಿ ಎರಡು ಕಿಲೋ, ಎರಡು ಸೆಂಟಿಮೀಟರು ದೂರದಲ್ಲಿ ಒಂದೇ ಕಿಲೋ. ಏತದ ಮರದಲ್ಲಿ ನಮ್ಮ ತಾತಂದಿರು ದಿನವೂ ಕಂಡ ಲೆಕ್ಕವಿದು. ಹಳೆಯದು ಒಂಬತ್ತು ಗ್ರಾಂ ತೂಕದ ಪ್ಲಾಸ್ಟಿಕ್ ಹಲ್ಲಿನ ವರ್ಗಕ್ಕೆ ಸೇರಿದ್ದು. ಅದೇ ಅಳತೆಗೆ ಹೊಂದುವ, ಲೋಹದ ಹಲ್ಲಿನ ಎಂಜಿ90ಎಸ್ ಸುಮಾರು ಹದಿಮೂರೂವರೆ ಗ್ರಾಂ ತೂಗುತ್ತದೆ, 4.8 ವೋಲ್ಟಿನಲ್ಲಿ ಅದರ ಬಲ 1.8, ಆರು ವೋಲ್ಟಿನಲ್ಲಿ 2.2 ಕಿಲೋ-ಸೆಂಟಿಮೀಟರು. ಸಾಮಾನ್ಯ ಒಂಬತ್ತು ಗ್ರಾಮಿನ ಸರ್ವೋದ ಬಲವೂ 4.8 ವೋಲ್ಟಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಳವಿರುವುದು ಅಂಕಿಯಲ್ಲಲ್ಲ, ಹಲ್ಲಿನಲ್ಲಿ. ಪೆಟ್ಟು ತಿಂದರೂ ಸವೆಯದಿರುವುದರಲ್ಲಿ.

ಇದಲ್ಲದೆ ನೋಡಬೇಕಾದ ಸಂಗತಿಗಳು ಮೂರು. ಮೊದಲನೆಯದು ತಂತಿ. ಅಗ್ಗದ ಕೆಲವು ಕಾರುಗಳಲ್ಲಿ ಹೋಲಿಸುವ ಫಲಕ ರಿಸೀವರಿನೊಳಗೇ ಇದ್ದು, ಸರ್ವೋಕ್ಕೆ ಐದು ತಂತಿ ಬರುತ್ತವೆ. ಅಲ್ಲಿ ಮೂರು ತಂತಿಯ ಸರ್ವೋ ನಡೆಯದು. ನಮ್ಮದರಲ್ಲಿ ಮೂರೇ ಇದ್ದವು. ಎರಡನೆಯದು ವೋಲ್ಟು. ಎರಡು ಕೋಶಗಳ ಲಿಥಿಯಂ ಬ್ಯಾಟರಿ ತುಂಬಿದಾಗ 8.4 ವೋಲ್ಟು, ಆರು ವೋಲ್ಟಿನ ಸರ್ವೋಕ್ಕೆ ಅದನ್ನು ನೇರವಾಗಿ ಕೊಟ್ಟರೆ ಸುಡುತ್ತದೆ. ನಮ್ಮ ರಿಸೀವರು ಅದನ್ನು ಐದಕ್ಕೆ ಇಳಿಸಿ ಕೊಡುತ್ತಿತ್ತು. ಮೂರನೆಯದು ಹಸಿವು. ಚಕ್ರ ಸಿಕ್ಕಿಕೊಂಡಾಗ ಇಂಥ ಸಣ್ಣ ಸರ್ವೋ ಕೂಡ ಅರ್ಧ ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಕೊಡುವ ಫಲಕಕ್ಕೆ ಆ ತಾಕತ್ತು ಇಲ್ಲದಿದ್ದರೆ ವೋಲ್ಟು ಕುಸಿದು ಇಡೀ ಕಾರೇ ಕ್ಷಣಕಾಲ ಮಂಕಾಗುತ್ತದೆ. ಇಷ್ಟನ್ನೂ ಹುಡುಗ ಚೀಟಿಯಲ್ಲಿ ಗುರುತು ಹಾಕಿಕೊಂಡ ಮೇಲೆ ಪಾವಗಡ, ಮಧುಗಿರಿಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ, ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ತಂದೆವು.

ಕೂರಿಸುವ ಕೆಲಸದಲ್ಲಿ ಒಂದು ಕ್ರಮವಿದೆ. ತೋಳನ್ನು ಮೊದಲೇ ಸಿಕ್ಕಿಸಬಾರದು. ರಿಮೋಟಿನ ತಿರುವುಗುಂಡಿಯನ್ನು ನಡುವಿನಲ್ಲಿಟ್ಟು, ಕಾರಿಗೆ ವಿದ್ಯುತ್ ಕೊಟ್ಟು, ಸರ್ವೋ ತಾನಾಗಿ ತನ್ನ ನಡುವನ್ನು ಕಂಡುಕೊಳ್ಳಲು ಬಿಡಬೇಕು. ಆಮೇಲೆ ಚಕ್ರಗಳು ನೆಟ್ಟಗಿರುವಾಗ ತೋಳು ಕಡ್ಡಿಗೆ ಲಂಬವಾಗಿ ನಿಲ್ಲುವಂತೆ ಸಿಕ್ಕಿಸಬೇಕು. ದಂಡದ ತುದಿಯಲ್ಲಿ ಇಪ್ಪತ್ತೊಂದು ಗೀರುಗಳಿದ್ದರೆ ಒಂದು ಗೀರು ಸರಿದರೂ ಹದಿನೇಳು ಡಿಗ್ರಿ ವ್ಯತ್ಯಾಸ. ಉಳಿದ ಸಣ್ಣ ಅಂತರವನ್ನು ಮಾತ್ರ ರಿಮೋಟಿನಲ್ಲಿ ಸರಿಪಡಿಸಿಕೊಳ್ಳಬೇಕು.

ಹೊಸ ಸರ್ವೋ ಕೂತಿತು. ಚಕ್ರಗಳು ಗರಸಿನಲ್ಲಿ ತಿರುಗಿದವು. ಆದರೆ ಮೂರನೆಯ ದಿನ ಇನ್ನೊಂದು ತೊಡಕು ತಲೆಯೆತ್ತಿತು. ದೊಡ್ಡ ಕಲ್ಲಿಗೆ ತಾಗಿದಾಗ ಚಕ್ರದ ಬದಲು ಸರ್ವೋವನ್ನು ಹಿಡಿದಿದ್ದ ಪ್ಲಾಸ್ಟಿಕ್ ಪಟ್ಟಿಯೇ ಬಾಗತೊಡಗಿತು. ಊರಿನಲ್ಲಿ ಬೋರ್‌ವೆಲ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಹಿರಿಯ ಮೇಸ್ತ್ರಿಯೊಬ್ಬರಿಗೆ ತೋರಿಸಿದೆವು. ಅವರು ಕಾರನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಆಡಿಸಿ, “ಬಲ ಹಾಕಿದ್ರೆ ಸಾಲದು ಸಾಮಿ, ಆ ಬಲ ಎಲ್ಲಿಗೆ ಹೋಗ್ತದೆ ಅಂತ ನೋಡಬೇಕು. ದೊಡ್ಡ ಮೋಟಾರು ಇಳಿಸಿದ್ರೆ ಪೈಪೂ ಗಟ್ಟಿ ಬೇಕಲ್ವಾ?” ಎಂದರು. ಅಲ್ಯೂಮಿನಿಯಂ ತಗಡಿನ ತುಂಡೊಂದನ್ನು ಅರದಿಂದ ಉಜ್ಜಿ, ಎರಡು ತೂತು ಕೊರೆದು ಪಟ್ಟಿಗೆ ಆಸರೆ ಕೊಟ್ಟರು. ಕೂಲಿಯಾಗಿ ಎರಡು ನಿಮಿಷ ಕಾರು ಓಡಿಸಲು ಕೇಳಿದರು! ಒಂದು ಕೊಂಡಿಯನ್ನು ಬಲಪಡಿಸಿದರೆ ದೌರ್ಬಲ್ಯ ಮಾಯವಾಗುವುದಿಲ್ಲ, ಮುಂದಿನ ಕೊಂಡಿಗೆ ಸರಿಯುತ್ತದೆ. ಸರಪಣಿಯ ಕೊನೆಯವರೆಗೂ ಅದರ ಬೆನ್ನು ಹತ್ತಬೇಕು. ಇದಕ್ಕಿಂತ ಚೆನ್ನಾದ ಇಂಜಿನಿಯರಿಂಗ್ ಪಾಠವನ್ನು ನಾವು ಕಾಣೆವು.

ಕೊನೆಯ ಹೊಂದಾಣಿಕೆ ಎರಡು ತುದಿಗಳದು. ಚಕ್ರ ಇನ್ನು ತಿರುಗಲಾರದೆಂಬ ಜಾಗಕ್ಕೆ ಬಂದ ಮೇಲೂ ಸರ್ವೋಕ್ಕೆ ಇನ್ನಷ್ಟು ತಿರುಗು ಎಂಬ ಆಜ್ಞೆ ಹೋಗುತ್ತಿದ್ದರೆ ಅದು ಗುಂಯ್‌ಗುಟ್ಟುತ್ತ, ಬಿಸಿಯಾಗುತ್ತ, ಕೊನೆಗೆ ಸುಟ್ಟುಹೋಗುತ್ತದೆ. ಆದ್ದರಿಂದ ರಿಮೋಟಿನಲ್ಲಿ ಎರಡೂ ಕಡೆಯ ಮಿತಿಯನ್ನು ಸದ್ದು ನಿಲ್ಲುವವರೆಗೆ ಇಳಿಸಬೇಕು. ಇದನ್ನು ಏನೆಂದು ಕರೆಯೋಣವೆಂದು ಕೇಳಿದಾಗ ಹುಡುಗ ಕ್ಷಣ ಯೋಚಿಸಿ, “ಗಡಿ” ಎಂದ.

ಆ ಪದದಿಂದಲೇ ಅವನ ಎರಡು ಪುಟಗಳು ಹುಟ್ಟಿದವು. ಪಾವಗಡದ ಕಡೆಯ ಅತ್ತೆಯ ಮಗನಲ್ಲಿಯೂ ಅಂಥದೇ ಕಾರಿತ್ತು. ಅವನು ಕನ್ನಡ ಮಾಧ್ಯಮದಲ್ಲಿ ಓದುವವನು. ಅವನಿಗೆ ತಿಳಿಯುವಂತೆ ಬರೆದು ಕಳಿಸಬೇಕಾಗಿತ್ತು. ‘ನಡು’, ‘ತೋಳು’, ‘ಕಡ್ಡಿ’, ‘ಸಡಿಲ’, ‘ಗಡಿ’ ಎಂಬ ಐದು ಮಾತುಗಳ ಸುತ್ತ ಕೆಲಸವೆಲ್ಲ ಬಂದು ನಿಂತಿತ್ತು. ಸರ್ವೋ, ರಿಸೀವರು, ವೋಲ್ಟು ಹಾಗೆಯೇ ಉಳಿದವು. ಬಸ್ಸು, ರೈಲು ನಮ್ಮವಾದಂತೆ ಅವೂ ನಮ್ಮವೇ. ಅಕ್ಷರಗಳಲ್ಲಿ ಅಲ್ಲಲ್ಲಿ ಕನ್ನಡದ ತಲೆಕಟ್ಟಿನ ಜಾಗದಲ್ಲಿ ತೆಲುಗಿನ ತಲಕಟ್ಟು ಕೊಕ್ಕೆಯಂತೆ ಎದ್ದಿತ್ತು. ನಾವು ಅದನ್ನು ತಿದ್ದಲಿಲ್ಲ. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳೆಂಬುದಕ್ಕೆ ಅವನ ಕೈಬರಹಕ್ಕಿಂತ ಬೇರೆ ಶಾಸನ ಬೇಕಿಲ್ಲ. ತಮ್ಮನು ಆ ಪುಟಗಳನ್ನು ಎರಡು ಸಲ ಓದಿ, ಏನೂ ಹೇಳದೆ ಮಡಚಿ ಜೇಬಿನಲ್ಲಿಟ್ಟುಕೊಂಡ. ಮರುದಿನ ಅಂಚೆಗೆ ಹಾಕಿದವನೂ ಅವನೇ.

ಭಾಷೆಯನ್ನು ಉಳಿಸಬೇಕೆಂದು ನಾವು ಸಂಘಗಳಲ್ಲಿ ಕೂಡಿ ಹೇಳುವ ಮಾತು ನಿಜವೇ. ಆದರೆ ಉಳಿಸುವ ಕೆಲಸವು ಮಕ್ಕಳಿಗೆ ಹೊರೆಯಂತೆ ಕಾಣುತ್ತದೆ. ಭಾಷೆಯಿಂದ ಒಂದು ಕೆಲಸ ನೆರವೇರಿದಾಗ ಮಾತ್ರ ಅದು ಅವರಿಗೆ ಕೈಗೆ ಒದಗುವ ಉಪಕರಣವಾಗುತ್ತದೆ. ಕವಿತೆ, ಕಥೆಗಳ ಪಕ್ಕದಲ್ಲಿ ನಮ್ಮ ಸಂಘದ ಮಕ್ಕಳು ತಾವು ಬಿಚ್ಚಿ ಜೋಡಿಸಿದ ಸೈಕಲ್ಲು, ಫ್ಯಾನು, ಪಂಪು, ಕಾರುಗಳ ಕುರಿತು ತಮ್ಮ ಮಾತಿನಲ್ಲಿ ಒಂದೊಂದು ಪುಟ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದು ನಾಲ್ಕು ಪುಟಗಳನ್ನು ಮೀಸಲಿಡುವಂತೆ ಸಂಪಾದಕ ಮಂಡಳಿಯವರಲ್ಲಿ ನಮ್ಮ ವಿನಂತಿ. ಮೊದಲ ಬರಹ ನಮ್ಮ ಬಳಿ ಸಿದ್ಧವಾಗಿದೆ. ಅತ್ತೆಯ ಮಗನಿಂದ ಪ್ರತಿಯನ್ನು ಮರಳಿ ತರಿಸಿಕೊಳ್ಳುವುದೊಂದೇ ಬಾಕಿ.