ಮಲ್ಲೇಶ್ವರದ ಇಲ್ಲದ ಮನೆಗಳು

ಮಲ್ಲೇಶ್ವರದಲ್ಲಿ ದಾರಿ ಕೇಳಿದರೆ ಹಳಬರು ಇವತ್ತಿಗೂ ಇಲ್ಲದ ಮನೆಗಳ ಗುರುತು ಹೇಳುತ್ತಾರೆ. ‘ಮೂಲೇಲಿ ಹಂಚಿನ ಮನೆ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗಿ.’ ಮೂಲೆಯಲ್ಲಿ ಕಾಣುವುದು ನಾಲ್ಕಂತಸ್ತಿನ ಅಪಾರ್ಟ್‌ಮೆಂಟು, ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ವಾಚ್‌ಮನ್. ಅವನಿಗೆ ಹಂಚಿನ ಮನೆ ಗೊತ್ತಿಲ್ಲ. ಹಳಬರಿಗೆ ಅಪಾರ್ಟ್‌ಮೆಂಟಿನ ಹೆಸರು ನಾಲಿಗೆಗೆ ಒಗ್ಗಿಲ್ಲ.

ಕಾಡುಮಲ್ಲೇಶ್ವರನ ಹೆಸರು ಹೊತ್ತ ಈ ಬಡಾವಣೆ ತುಂಬಿದ್ದು ಪ್ಲೇಗಿನ ಭಯಕ್ಕೆ. 1898ರಲ್ಲಿ ಬೆಂಗಳೂರು ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸಾಯತೊಡಗಿದಾಗ ಗಾಳಿ-ಬೆಳಕಿನ ಬೆಲೆ ಎಲ್ಲರಿಗೂ ತಿಳಿಯಿತು. ಅದಕ್ಕೇ ಇಲ್ಲಿ ನೆಟ್ಟಗಿನ ಮೇನು, ಕ್ರಾಸು; ಮನೆಯ ಸುತ್ತ ಜಾಗ, ಹಿತ್ತಲಲ್ಲಿ ಬಾವಿ, ಮುಂದೆ ಜಗಲಿ. ಈಗ ಅದೇ ನಿವೇಶನಗಳಲ್ಲಿ ಎರಡು ಕಟ್ಟಡಗಳ ನಡುವೆ ಒಗೆದ ಬಟ್ಟೆ ಒಣಗುವಷ್ಟೂ ಬಿಸಿಲು ಬೀಳುವುದಿಲ್ಲ.

ಮನೆ ಕೆಡವಿದ್ದನ್ನು ಬಿಲ್ಡರ್ ತಲೆಗೆ ಕಟ್ಟುವುದು ಸುಲಭ. ನಾನು ಕಂಡಂತೆ ಕಥೆ ಬೇರೆ. ಅಪ್ಪ ತೀರಿಕೊಂಡರು, ಮಕ್ಕಳು ಮೂವರು, ಒಬ್ಬ ಅಮೆರಿಕದಲ್ಲಿ. ಜಗಲಿಯನ್ನು ಮೂರು ಪಾಲು ಮಾಡಲಾಗದು, ಫ್ಲ್ಯಾಟನ್ನು ಮಾಡಬಹುದು. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಮೊದಲು ಹೋಗುವುದು ತೇಗದ ಬಾಗಿಲು, ಕಿಟಕಿ, ಆಮೇಲೆ ಹಂಚು. ಕೆಂಪು ಗಾರೆ ನೆಲವನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ. ಅಜ್ಜಿಯ ಒರಳುಕಲ್ಲಿನ ಪಕ್ಕ ನುಣುಪಾಗಿ ಸವೆದಿದ್ದ ಜಾಗವೂ ಜೆಸಿಬಿ ಬಾಯಿಗೇ.

ವಠಾರಗಳೂ ಹೋದವು. ಅವನ್ನು ನೆನೆದು ಕಣ್ಣೊರೆಸಿಕೊಳ್ಳುವವರು ಬಹುಪಾಲು ಗಂಡಸರು. ನಾಲ್ಕು ಸಂಸಾರಕ್ಕೆ ಒಂದೇ ನಲ್ಲಿ, ಒಂದೇ ಬಚ್ಚಲು ಇದ್ದಾಗ ಬೆಳಗಿನ ಜಾವ ಬಿಂದಿಗೆ ಸಾಲಿಗಿಟ್ಟು ಕಾದ ಸೊಸೆಯರನ್ನು ಕೇಳಿ ನೋಡಿ, ಅಟ್ಯಾಚ್ಡ್ ಬಾತ್‌ರೂಮಿಗೆ ಕೈ ಮುಗಿಯುತ್ತಾರೆ.

ಇನ್ನೊಂದು ಮರೆವಿದೆ. ಸಾಲುಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ ಇರುತ್ತಿತ್ತು. ಹಿತ್ತಲ ಕಕ್ಕಸಿನ ಮಲ ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದೇ ಮಾಡಿದ ದಾರಿ ಅದು. ಸಂಪಿಗೆ ರಸ್ತೆಯ ತುದಿಯಲ್ಲಿದ್ದ ರಾಜಾ ಮಿಲ್ಲಿನ ಕಥೆಯೂ ಅಷ್ಟೆ. ಅದರ ಜಾಗದಲ್ಲಿ ಈಗ ಮಂತ್ರಿ ಮಾಲ್. ಅಲ್ಲಿ ಪಾಳಿಯ ಮೇಲೆ ದುಡಿದವರ ಮನೆಗಳ ಫೋಟೊ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ನಾವು ಅಳುವುದು ಜಗಲಿ ಇದ್ದ ಮನೆಗಳಿಗೆ ಮಾತ್ರ.

ಹೋದ ಮನೆ ಮತ್ತೆ ಬರುವುದಿಲ್ಲ, ಉಳಿದವೆಲ್ಲ ಉಳಿಯುವುದೂ ಇಲ್ಲ. ಆದರೆ ಮನೆಯಲ್ಲಿ ಹಿರಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು ಹಳೇ ಬೀದಿಯ ನಕ್ಷೆ ಬರೆಸಿಕೊಳ್ಳಿ: ಬಾವಿ ಎಲ್ಲಿತ್ತು, ಯಾವ ಮನೆಯಲ್ಲಿ ಯಾರಿದ್ದರು, ಹಿಂದಿನ ಗಲ್ಲಿಯಿಂದ ಯಾರು ಬರುತ್ತಿದ್ದರು. ಈ ಕೊನೆಯ ಪ್ರಶ್ನೆಯನ್ನು ಮರೆಯದೆ ಕೇಳಿ.