ನಾಲ್ಕು ಕೊಡ ನೀರು

ಗಿಡಕ್ಕೆ ನೀರು ಹಾಕುವುದೇನು ಮಹಾ ವಿದ್ಯೆ ಎನ್ನುವವರುಂಟು. ನಮ್ಮಜ್ಜಿ ಕೇಳಿಸಿಕೊಂಡಿದ್ದರೆ ಅಂಥವರನ್ನು ಹಿತ್ತಿಲಿಗೆ ಕರೆದೊಯ್ದು ಪಾಠ ಹೇಳುತ್ತಿದ್ದಳು. ಮೊದಲು ಮಣ್ಣಿಗೆ ಬೆರಳಿಳಿಸಿ ನೋಡಬೇಕು. ಎರಡು ಗೆಣ್ಣಿನಷ್ಟು ಒಣಗಿದ್ದರೆ ಮಾತ್ರ ನೀರು. ಬಿಸಿಲೇರುವ ಮುಂಚೆ ಹಾಕಬೇಕು, ಎಲೆಗಲ್ಲ, ಬುಡಕ್ಕೆ. ದಿನಾ ಒಂದೊಂದು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿದು ಸೋಮಾರಿಯಾಗುತ್ತದೆ. ದಿನ ಬಿಟ್ಟು ದಿನ ನಿಧಾನವಾಗಿ ತುಂಬ ಕುಡಿಸಿದರೆ ಆಳಕ್ಕಿಳಿಯುತ್ತದೆ. ಓದು ಬಾರದ ಅಜ್ಜಿಯ ಸಸ್ಯಶಾಸ್ತ್ರ ಇಷ್ಟು.

ಮೈಸೂರಿನ ಆ ಹಿತ್ತಿಲಲ್ಲಿ ಬಾವಿ, ಪಕ್ಕದಲ್ಲೇ ಮಲ್ಲಿಗೆ ಬಳ್ಳಿ. ಚಳಿಗಾಲದಲ್ಲಿ ನೀರು ತಗ್ಗಿಸಿ, ಬಳ್ಳಿ ಸವರಿ, ಗೊಬ್ಬರ ಕೊಟ್ಟು, ಮತ್ತೆ ನೀರು ಹೆಚ್ಚಿಸಿದರೆ ಅದು ಮೈತುಂಬ ಮೊಗ್ಗಾಗುತ್ತಿತ್ತು.

1958ರ ಬೇಸಿಗೆಯ ಮೊದಲಲ್ಲಿ ಅಮ್ಮನ ಶಾಲೆಯ ಸಮಾರಂಭಕ್ಕೆ ಜಯಚಾಮರಾಜೇಂದ್ರ ಒಡೆಯರು ಬಂದಿದ್ದರಂತೆ. ಆಗ ಅವರು ರಾಜ್ಯಪಾಲರು. ಅಜ್ಜಿಯ ಬಾಯಲ್ಲಿ ಮಾತ್ರ ಕೊನೆಯವರೆಗೂ 'ಮಹಾಸ್ವಾಮಿಯೋರು'. ಹಾರ ಕೊಡುವ ಭಾಗ್ಯ ಒಂಬತ್ತು ವರ್ಷದ ಅಮ್ಮನಿಗೆ. ಅಂಗಡಿ ಹೂವಿನ ಹಾರ ಕೂಡದೆಂದು ಅಜ್ಜಿಯ ಹಟ. ಬಾವಿ ನೀರು ಪಾತಾಳಕ್ಕಿಳಿದಿತ್ತು, ಮನೆಯವರ ಸ್ನಾನಕ್ಕೂ ಲೆಕ್ಕವಿತ್ತು. ಆದರೂ ಬಳ್ಳಿಯೊಂದಕ್ಕೇ ದಿನ ಬಿಟ್ಟು ದಿನ ನಾಲ್ಕು ಕೊಡ ಸೇದಿ ಹಾಕಿದಳು.

ದೊರೆಗಳು ಬಗ್ಗಿ ಅಮ್ಮನನ್ನು ಏನೋ ಕೇಳಿದರಂತೆ. ಏನು ಎಂಬುದರಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಹೆಸರು ಕೇಳಿದರು ಎಂದು ಅಮ್ಮ. ಎಷ್ಟನೇ ಕ್ಲಾಸೆಂದು ಕೇಳಿದರು ಎಂದು ದೊಡ್ಡಮ್ಮ. ಏನೂ ಕೇಳಲಿಲ್ಲ, ನಕ್ಕರಷ್ಟೇ ಎಂದು ಸೋದರಮಾವ. ಹೂವು ಯಾರ ಮನೆಯದೆಂದು ಕೇಳಿದರು ಎನ್ನುವುದು ಅಜ್ಜಿಯ ವಾದ. ತಮಾಷೆಯೆಂದರೆ ಅಜ್ಜಿ ಅಂದು ಶಾಲೆಗೆ ಹೋಗಿರಲೇ ಇಲ್ಲ. ಉಡಲು ಒಳ್ಳೆಯ ಸೀರೆ ಇರಲಿಲ್ಲ.

ಆ ಬಳ್ಳಿಯನ್ನು ಬಾಗಿಸಿ, ಮಣ್ಣು ಮುಚ್ಚಿ, ಬೇರು ಬರಿಸಿ ತಂದ ಗಿಡ ಬೆಂಗಳೂರಿನ ನಮ್ಮ ಗೇಟಿನ ಬಳಿ ಬೆಳೆಯಿತು. 2024ರ ಮಾರ್ಚ್‌ನಲ್ಲಿ ಇಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶವಾಯಿತು. ನಮ್ಮ ಕೊಳವೆಬಾವಿಯೂ ಬತ್ತಿತು. ಅಕ್ಕಿ, ತರಕಾರಿ ತೊಳೆದ ನೀರನ್ನೆಲ್ಲ ಬಕೆಟ್ಟಿಗೆ ತುಂಬಿಡುವುದು ನನ್ನ ಕೆಲಸವಾಯಿತು. ಬುಡಕ್ಕೆ ಒಣಗಿದ ಎಲೆ ಹೊದಿಸಿದೆ. ಪಕ್ಕದಲ್ಲಿ ಮಣ್ಣಿನ ಮಡಕೆ ಹೂತು ಅದಕ್ಕೆ ನೀರು ತುಂಬಿದೆ. ಅದು ಸಣ್ಣಗೆ ಜಿನುಗಿ ಬೇರನ್ನು ತಣ್ಣಗಿಡುತ್ತದೆ.

ಅಮ್ಮನಿಗೆ ಆಗ ಎಪ್ಪತ್ತೈದು. ತಿಂಡಿ ತಿಂದದ್ದು ಮರೆಯುತ್ತಿತ್ತು, ಮೊಮ್ಮಗನ ಹೆಸರು ತಡವರಿಸುತ್ತಿತ್ತು. ಆದರೆ ಬೆಳಿಗ್ಗೆ ಗಿಡದ ಬಳಿ ಬಂದರೆ ಬೆರಳು ತಾನಾಗಿ ಮಣ್ಣಿಗಿಳಿಯುತ್ತಿತ್ತು. ಒಂದು ದಿನ ನೋಡಿದರೆ ತನ್ನ ಸ್ನಾನದ ಬಕೆಟ್ಟಿನಿಂದ, ಸೋಪು ಮುಟ್ಟಿಸುವ ಮೊದಲೇ, ಅರ್ಧ ನೀರು ತೆಗೆದಿಟ್ಟಿದ್ದಳು.

"ನಿನ್ನ ಸ್ನಾನಕ್ಕೇ ಸಾಲದಲ್ಲಮ್ಮ" ಎಂದೆ.

"ಅವ್ವ ಎಷ್ಟು ಸೇದಿದ್ದಾಳೆ ಗೊತ್ತೇನೇ?" ಎಂದಳು.

ದೊರೆಗಳ ಮಾತೇ ಎತ್ತಲಿಲ್ಲ. ಇಷ್ಟು ವರ್ಷ ನಾವು ರಾಜರ ಕತೆಯೆಂದು ಹೇಳಿಕೊಂಡು ಬಂದದ್ದು ಅಮ್ಮನ ಪಾಲಿಗೆ ಅಜ್ಜಿಯ ರಟ್ಟೆಯ ಕತೆಯಾಗಿತ್ತು.

ಆ ವರ್ಷ ಬಿಟ್ಟದ್ದು ಬೆರಳೆಣಿಕೆಯ ಹೂವು. ಅಮ್ಮ ಒಂದೊಂದನ್ನೂ ಎಣಿಸಿ, ಮೊಳವೂ ಆಗದ ಮಾಲೆ ಕಟ್ಟಿ, ಅಜ್ಜಿಯ ಪಟಕ್ಕೆ ಮುಡಿಸಿದಳು.