ಎರಡು ಹೊತ್ತಿನ ಚಹಾ

ನಮ್ಮ ರೂಮಿನಲ್ಲಿ ಭಾನುವಾರ ಸಂಜೆ ಚಹಾ ಎರಡು ಸಲ ಆಗುತ್ತಿತ್ತು. ಹಾಲು ಹೆಚ್ಚಾಗಿತ್ತೆಂದಲ್ಲ, ಅದಕ್ಕೆ ಕಾರಣ ಇಸ್ಲಾಮಿನ ನ್ಯಾಯಶಾಸ್ತ್ರ.

ಮೂವರಿದ್ದೆವು. ಬೆಂಗಳೂರಿನಲ್ಲಿ ಒಂದೇ ಕಚೇರಿ, ಒಂದೇ ಬಾಡಿಗೆ ರೂಮು, ಒಂದೇ ಸ್ಟವ್ವು. ಊರಿನ ಹೆಸರೇ ಕರೆಯುವ ಹೆಸರು. ಮಂಗಳೂರು ಬ್ಯಾರಿಗಳ ಹುಡುಗ. ಬಿಜಾಪುರ (ಆಗಿನ್ನೂ ಅದು ವಿಜಯಪುರ ಆಗಿರಲಿಲ್ಲ) ಗೋಳಗುಮ್ಮಟದ ನೆರಳಲ್ಲಿ ಗೋಲಿ ಆಡಿ ಬೆಳೆದವನು. ನಾನು ಮೈಸೂರು ಸೀಮೆಯವನು. ಮಂಗಳೂರು ಮೂರೂ ಮುಕ್ಕಾಲರ ಸುಮಾರಿಗೆ ಎದ್ದು ಚಾಪೆ ಹಾಸಿ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, "ಚಾ ಇಡುವ ಮಾರಾಯ" ಎನ್ನುತ್ತಿದ್ದ. ಬಿಜಾಪುರ ಮಲಗಿದಲ್ಲಿಂದಲೇ, "ನಂದಿನ್ನೂ ಹೊತ್ತಾಗಿಲ್ಲಪಾ, ನೀವು ಕುಡೀರಿ" ಎನ್ನುತ್ತಿದ್ದ. ತಾಸು ಕಳೆದ ಮೇಲೆ ಅವನ ನಮಾಜು, ಆಮೇಲೆ ಅವನ ಛಾ. ಎರಡಕ್ಕೂ ಜೊತೆ ಕೂತು ಎರಡು ಪಂಥಗಳ ಫಲವನ್ನೂ ಉಂಡವನು ನಾನೊಬ್ಬನೇ. ಸಹಿಷ್ಣುತೆಯಿಂದ ನನಗಾದ ತೊಂದರೆ ಒಂದೇ, ಹೊಟ್ಟೆಯುರಿ. ಅಸೂಯೆಯದಲ್ಲ, ಆಸಿಡಿಟಿಯದು.

"ದೇವರು ಒಬ್ಬ, ಕುರ್‌ಆನ್ ಒಂದು, ಸೂರ್ಯನೂ ಒಬ್ಬನೇ. ಹೊತ್ತು ಮಾತ್ರ ಯಾಕ್ರಯ್ಯಾ ಎರಡು?" ಎಂದು ಒಂದು ದಿನ ಕೇಳಿಯೇಬಿಟ್ಟೆ. ಮಂಗಳೂರು ನನ್ನ ಕೊಡೆಯನ್ನು ತಾರಸಿಗೆ ಒಯ್ದು ನೆಟ್ಟಗೆ ಹಿಡಿದು ಪಾಠ ಶುರು ಮಾಡಿದ. ನಡುಮಧ್ಯಾಹ್ನದ ನೆರಳನ್ನು ಲೆಕ್ಕದಿಂದ ಕಳೆಯಬೇಕು. ಆಮೇಲೆ ಕೊಡೆಯ ನೆರಳು ಕೊಡೆಯಷ್ಟೇ ಉದ್ದವಾದಾಗ ಅಸರ್ ಹೊತ್ತು ಶುರುವಾಯಿತೆಂದು ಶಾಫಿ ಪಂಥದ ಲೆಕ್ಕ. ಬಿಜಾಪುರ ಮೆಟ್ಟಿಲ ಮೇಲೆ ಕೂತು, "ನಮ್ಮದು ಎರಡು ಕೊಡಿ" ಎಂದ. ಹನಫಿಗಳಿಗೆ ನೆರಳು ಎರಡರಷ್ಟು ಉದ್ದ ಬೀಳಬೇಕು. ಸ್ವಾರಸ್ಯವೆಂದರೆ, ಹನಫಿ ಪಂಥದ ಮೂಲಪುರುಷ ಇಮಾಮ್ ಅಬೂ ಹನೀಫಾ ಹೇಳಿದ ಈ ಎರಡರ ಲೆಕ್ಕಕ್ಕೆ ಅವರ ಇಬ್ಬರು ಮುಖ್ಯ ಶಿಷ್ಯರೇ ಒಪ್ಪಲಿಲ್ಲ. ಒಂದೇ ಸಾಕು ಎಂದರು. ಹಾಗೆಂದು ಗುರುಗಳು ಅವರನ್ನು ಪಂಥದಿಂದ ಹೊರಹಾಕಲಿಲ್ಲ. ಆ ಶಿಷ್ಯರ ಮಾತೂ ಹನಫಿ ಗ್ರಂಥಗಳಲ್ಲೇ, ಗುರುಗಳ ಮಾತಿನ ಪಕ್ಕದಲ್ಲೇ ಕೂತಿದೆ.

ನನಗೆ ಇದು ತೀರ ಹೊಸದೆನಿಸಲಿಲ್ಲ. ನಮ್ಮಜ್ಜಿಯ ತವರು ಮಾಧ್ವರದು, ಸೇರಿದ ಮನೆ ಸ್ಮಾರ್ತರದು. ಕೆಲವು ತಿಂಗಳು ಪಂಚಾಂಗದಲ್ಲಿ ಸ್ಮಾರ್ತ ಏಕಾದಶಿ ಒಂದು ದಿನ, ವೈಷ್ಣವ ಏಕಾದಶಿ ಮರುದಿನ ಬೀಳುತ್ತದೆ. ಅಜ್ಜಿ ಗಂಡನ ಮನೆಗಾಗಿ ಒಂದು, ತವರಿಗಾಗಿ ಒಂದು ಎಂದು ಎರಡು ದಿನ ಉಪವಾಸವಿದ್ದು, ಮೂರನೆಯ ದಿನ ಮನೆಯವರನ್ನೆಲ್ಲ ಬಯ್ಯುತ್ತಿದ್ದರು. ಅಜ್ಜಿಗೆ ಎರಡು ಉಪವಾಸ, ಮೊಮ್ಮಗನಿಗೆ ಎರಡು ಚಹಾ. ಕಾಲ ಸುಧಾರಿಸಿದೆ.

ಅಡುಗೆಯ ವಿಚಾರಕ್ಕೆ ಬಂದರೆ ನೆರಳಿಗಿಂತ ಗಟ್ಟಿಯಾದ ಭೇದ ಇತ್ತು: ಏಡಿ. ಶಾಫಿಗಳಿಗೆ ಕಡಲಿನಲ್ಲಿ ಸಿಕ್ಕಿದ್ದು ಹೆಚ್ಚುಕಡಿಮೆ ಎಲ್ಲವೂ ನಡೆಯುತ್ತದೆ. ಹನಫಿಗಳಿಗೆ ನೀರಿನ ಜೀವಿಗಳಲ್ಲಿ ಮೀನು ಮಾತ್ರ. ಏಡಿ ಮೀನಲ್ಲ, ಆದ್ದರಿಂದ ಕೂಡದು. ಸಿಗಡಿ ಮೀನೋ ಅಲ್ಲವೋ ಎಂಬುದರ ಮೇಲೆ ಹನಫಿ ವಿದ್ವಾಂಸರಲ್ಲೇ ಇವತ್ತಿಗೂ ಒಮ್ಮತವಿಲ್ಲ. ಮಂಗಳೂರಿಗೆ ಊರಿನಿಂದ ಏಡಿ ಸಾರು ಬಂದ ದಿನ ಬಿಜಾಪುರ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಚ್ಚಿಕೊಂಡು ಕೂರುತ್ತಿದ್ದ. ಈ ಭೇದದ ಹಿಂದೆ ದೊಡ್ಡ ಭೂಗೋಳವಿದೆ. ನಮ್ಮ ಕರಾವಳಿಗೆ, ಕೇರಳಕ್ಕೆ ಇಸ್ಲಾಮು ಅರಬ್ಬೀ ಸಮುದ್ರದ ವ್ಯಾಪಾರಿಗಳ ಹಡಗಿನಲ್ಲಿ ಬಂತು. ಅವರೊಡನೆ ಶಾಫಿ ಪಂಥವೂ ದಡಕ್ಕಿಳಿಯಿತು. ದಖ್ಖನಿನ ಒಳನಾಡಿಗೆ ಇಸ್ಲಾಮು ಉತ್ತರದಿಂದ ಕುದುರೆ ಏರಿ ಬಂತು. ಮಧ್ಯ ಏಷ್ಯಾದ ತುರ್ಕರ ಹನಫಿ ಪಂಥ ಅದರ ಜೊತೆಗಿತ್ತು. ಕಡಲ ಮೇಲೆ ಬಂದವರಿಗೆ ಏಡಿ ದಕ್ಕಿತು, ಕುದುರೆ ಮೇಲೆ ಬಂದವರಿಗೆ ದಕ್ಕಲಿಲ್ಲ ಎಂಬುದು ನನ್ನ ಸ್ವಂತ ಸಂಶೋಧನೆ. ಯಾವ ವಿಶ್ವವಿದ್ಯಾಲಯವೂ ಇದಕ್ಕೆ ಪದವಿ ಕೊಟ್ಟಿಲ್ಲ.

ಇಸ್ಲಾಮಿನಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ಒಬ್ಬರು ಕುರ್‌ಆನಿನ ಎರಡನೆಯ ಅಧ್ಯಾಯದ 256ನೇ ವಚನವನ್ನು ಮುಂದಿಡುತ್ತಾರೆ. ಧರ್ಮದ ವಿಷಯದಲ್ಲಿ ಒತ್ತಾಯ ಕೂಡದೆಂಬ ತಾತ್ಪರ್ಯದ ವಚನ ಅದು. ಇನ್ನೊಬ್ಬರು ಧರ್ಮ ತೊರೆದವನಿಗೆ ಮರಣದಂಡನೆ ಹೇಳುವ ಹಳೆಯ ನ್ಯಾಯಗ್ರಂಥಗಳನ್ನು ಮುಂದಿಡುತ್ತಾರೆ. ಎರಡೂ ಇರುವುದು ನಿಜ, ಎರಡರ ಮೇಲೂ ಮುಸ್ಲಿಂ ವಿದ್ವಾಂಸರ ನಡುವೆಯೇ ವಾದ ನಡೆಯುತ್ತಿರುವುದೂ ನಿಜ. ಇಂಥ ದೊಡ್ಡ ತಕ್ಕಡಿ ಎತ್ತುವ ತೋಳು ನನಗಿಲ್ಲ. ನಾನು ಕಂಡದ್ದು ಕೊಡೆಯ ನೆರಳಿನಷ್ಟು. ಅಷ್ಟರಲ್ಲೇ ಒಂದು ವಿಷಯ ಹೊಳೆಯಿತು: ಬೇರೆ ಅಭಿಪ್ರಾಯಕ್ಕೆ ಜಾಗ ಬಿಡುವ ರೂಢಿ ಈ ಪರಂಪರೆಯ ಒಳಗೇ ಇದೆ.

ಮದೀನಾದ ಇಮಾಮ್ ಮಾಲಿಕರದು ಒಂದು ಪ್ರಸಂಗ ಹೇಳುತ್ತಾರೆ. ಅವರು 795ರಲ್ಲಿ ತೀರಿಕೊಂಡವರು. ಅವರ 'ಮುವತ್ತಾ' ಗ್ರಂಥವನ್ನೇ ಸಾಮ್ರಾಜ್ಯಕ್ಕೆಲ್ಲ ಒಂದೇ ಕಟ್ಟಳೆಯಾಗಿ ಮಾಡಿಬಿಡೋಣವೆಂದು ಖಲೀಫ ಅಲ್ ಮನ್ಸೂರ್ ಕೇಳಿದನಂತೆ. ಯಾವ ಲೇಖಕ ಬೇಡವೆಂದಾನು? ನನ್ನ ಒಂದು ಪುಸ್ತಕವನ್ನು ಜಿಲ್ಲಾ ಗ್ರಂಥಾಲಯ ಕೊಂಡರೆ ನಾನು ವಾರವೆಲ್ಲ ಬೀಗುತ್ತೇನೆ. ಮಾಲಿಕರು ಬೇಡವೆಂದರು. ಪ್ರವಾದಿಯವರ ಸಂಗಾತಿಗಳು ಬೇರೆ ಬೇರೆ ನಾಡುಗಳಿಗೆ ಹರಡಿದರು, ಆಯಾ ನಾಡಿಗೆ ಮುಟ್ಟಿದ ತಿಳಿವಳಿಕೆಯಂತೆ ಜನ ನಡೆಯುತ್ತಿದ್ದಾರೆ, ಅವರನ್ನು ಹಾಗೇ ಬಿಡಬೇಕು ಎಂಬುದು ಅವರ ನಿಲುವು. ಅವರ ಶಿಷ್ಯರೇ ಇಮಾಮ್ ಶಾಫಿ. ಅವರು ಹುಟ್ಟಿದ್ದು ಅಬೂ ಹನೀಫಾ ತೀರಿಕೊಂಡ ವರ್ಷ, 767ರಲ್ಲಿ. ಬಾಗ್ದಾದಿನಿಂದ ಈಜಿಪ್ಟಿಗೆ ಹೋದ ಮೇಲೆ ಶಾಫಿ ತಮ್ಮ ಎಷ್ಟೋ ತೀರ್ಪುಗಳನ್ನು ತಾವೇ ಬದಲಿಸಿದರು. ಅವರ ಪಂಥದಲ್ಲಿ ಇವತ್ತಿಗೂ 'ಹಳೆಯದು', 'ಹೊಸದು' ಎಂದು ಎರಡು ಕಟ್ಟುಗಳಿವೆ. ಅಬೂ ಹನೀಫಾರ ಸಮಾಧಿಯ ಹತ್ತಿರ ಬೆಳಗಿನ ನಮಾಜು ಮಾಡಿದ ಒಂದು ದಿನ ಶಾಫಿಯವರು ತಮ್ಮ ಕ್ರಮದ ಒಂದು ಪ್ರಾರ್ಥನೆಯನ್ನು ಆ ಹಿರಿಯರ ಗೌರವಕ್ಕೆಂದು ಬಿಟ್ಟರೆಂಬ ಕಥೆಯೂ ಉಂಟು.

ಈ ಪರಂಪರೆಯ ಮುಫ್ತಿಗಳು ಫತ್ವಾ ಬರೆದು ಮುಗಿಸುವಾಗ ಕೊನೆಯಲ್ಲಿ 'ಅಲ್ಲಾಹು ಅಅಲಮ್' ಎಂದು ಸೇರಿಸುವ ವಾಡಿಕೆ ಇದೆ. ನಿಜ ಏನೆಂಬುದನ್ನು ದೇವರೇ ಚೆನ್ನಾಗಿ ಬಲ್ಲ ಎಂದರ್ಥ. ಬಸ್ಸು ಯಾವಾಗ ಬರುತ್ತದೆಂದು ಕೇಳಿದರೆ ನಾವು "ದೇವರೇ ಬಲ್ಲ" ಎನ್ನುತ್ತೇವೆ. ಅದು ಬೇಸರದ ಮಾತು. ಅವರದು ಎಲ್ಲ ಬಲ್ಲಷ್ಟು ಓದಿದ ಮೇಲೆ ಬರುವ ಮಾತು. ಆ ಎರಡು ಪದಗಳ ಸಂದಿಯಲ್ಲಿ ಪಕ್ಕದವನಿಗೆ ಕೂರಲು ಜಾಗ ಸಿಗುತ್ತದೆ.

ಸಿಗದೇ ಹೋದ ಕಾಲವೂ ಇತ್ತು. 833ರಲ್ಲಿ ಖಲೀಫ ಅಲ್ ಮಾಮೂನ್, ಕುರ್‌ಆನ್ ಸೃಷ್ಟಿಯಾದದ್ದೆಂದು ಎಲ್ಲ ವಿದ್ವಾಂಸರೂ ಒಪ್ಪಬೇಕೆಂದು ವಿಚಾರಣೆ ಇಟ್ಟ. ಆತ ಗ್ರೀಕ್ ಗ್ರಂಥಗಳ ಅನುವಾದಕ್ಕೆ ಆಸರೆ ಕೊಟ್ಟವನು, ತರ್ಕಪ್ರಿಯ. ಆದರೆ ತರ್ಕದ ಕೈಗೆ ಚಾಟಿ ಕೊಟ್ಟ. ಒಪ್ಪದ ಇಮಾಮ್ ಅಹ್ಮದ್ ಇಬ್ನ್ ಹನ್ಬಲ್ ಸೆರೆಮನೆ ಸೇರಿದರು, ಮುಂದಿನ ಖಲೀಫನ ಕಾಲದಲ್ಲಿ ಏಟು ತಿಂದರು. ಇನ್ನು ನನ್ನ ರೂಮಿನ ಎರಡು ಪಂಥಗಳೇ, ಅದೇ ಹನಫಿ ಮತ್ತು ಶಾಫಿ, ಇರಾನಿನ ನಿಶಾಪುರದಲ್ಲಿ 12ನೇ ಶತಮಾನದಲ್ಲಿ ಬೀದಿಯಲ್ಲಿ ಹೊಡೆದಾಡಿ, ಹೊರಗಿನ ದಾಳಿಯಲ್ಲಿ ಅಳಿದುಳಿದ ಊರನ್ನು ಹಾಳುಗೆಡವಿದವು. ನೆರಳಿನ ಉದ್ದಕ್ಕೆ ಯಾರೂ ಊರು ಸುಡುವುದಿಲ್ಲ. ಖಾಜಿಯ ಹುದ್ದೆ ಯಾರಿಗೆ, ಮದರಸಾ ಯಾರ ಕೈಯಲ್ಲಿ, ಯಜಮಾನಿಕೆ ಯಾವ ಮನೆತನದ್ದು ಎಂಬ ಲೆಕ್ಕ ಒಳಗೆ ಸೇರಿತ್ತು.

ಬಿಜಾಪುರದವನ ಊರಿನಲ್ಲೂ ಇದರದೊಂದು ಆಟ ನಡೆದಿದೆ. ಆದಿಲ್ ಶಾಹಿ ಸ್ಥಾಪಿಸಿದ ಯೂಸುಫ್ ಶಿಯಾ ಪಂಥವನ್ನು ರಾಜ್ಯದ ಪಂಥ ಮಾಡಿದ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಸುನ್ನಿ ಎಂದ. 1558ರಲ್ಲಿ ಬಂದ ಅವನ ಮಗ ಅಲಿ ಮತ್ತೆ ಶಿಯಾ ಎಂದ. 1580ರಲ್ಲಿ ಬಾಲಕನಾಗಿಯೇ ಪಟ್ಟ ಏರಿದ ಎರಡನೆಯ ಇಬ್ರಾಹಿಂನ ಕಾಲಕ್ಕೆ ಮತ್ತೆ ಸುನ್ನಿ. ಸುಲ್ತಾನ ಬದಲಾದಂತೆ ಶುಕ್ರವಾರದ ಖುತ್ಬಾ ಬದಲಾಗುತ್ತಿತ್ತು, ಮಂತ್ರಿ ಬದಲಾದರೆ ವರ್ಗಾವಣೆಯ ಪಟ್ಟಿ ಬದಲಾದಂತೆ. ಆದರೆ ಈ ಎರಡನೆಯ ಇಬ್ರಾಹಿಂ ಬೇರೆ ಜಾಡು ಹಿಡಿದ. ಅವನ 'ಕಿತಾಬ್-ಎ-ನೌರಸ್' ಎಂಬ ದಖನಿ ಹಾಡುಗಳ ಪುಸ್ತಕದಲ್ಲಿ ಸರಸ್ವತಿಯ ಸ್ತುತಿ ಇದೆ, ಪ್ರವಾದಿಯ ಸ್ತುತಿ ಇದೆ, ಕಲಬುರಗಿಯ ಸೂಫಿ ಸಂತ ಬಂದೇನವಾಜರ ಸ್ತುತಿ ಇದೆ, ಜೊತೆಗೆ ಅವನ ಆನೆ ಆತಶ್ ಖಾನ್, ತಂಬೂರಿ ಮೋತಿ ಖಾನ್ ಇವರದೂ ಇದೆ. ಜನ ಅವನನ್ನು ಜಗದ್ಗುರು ಎಂದರು. ಆನೆಗೂ ತಂಬೂರಿಗೂ ಜಾಗ ಕೊಟ್ಟವನ ಎದೆಯಲ್ಲಿ ಎರಡು ಪಂಥ ಹಿಡಿಸದೆ ಇರುತ್ತದೆಯೇ?

ಈಚಿನ ಕಾಲಕ್ಕೆ ಬಂದರೆ ಸಿಂಹಾಸನದ ಜಾಗದಲ್ಲಿ ಸಂಸತ್ತು ಇದೆ. 1974ರಲ್ಲಿ ಪಾಕಿಸ್ತಾನದ ಸಂಸತ್ತು ಸಂವಿಧಾನ ತಿದ್ದಿ ಅಹ್ಮದೀಯರು ಮುಸ್ಲಿಮರಲ್ಲವೆಂದಿತು. 1984ರ ಸುಗ್ರೀವಾಜ್ಞೆ ಅವರು ಅಜಾನ್ ಕೂಗುವುದನ್ನೂ ಅಪರಾಧ ಮಾಡಿತು. ಯಾರು ಏನು ನಂಬುತ್ತಾರೆಂದು ದೇವರೇ ಬಲ್ಲ ಎನ್ನುವ ಮಾತನ್ನು ಮತಕ್ಕೆ ಹಾಕಿ ತೀರ್ಮಾನಿಸಿದಂತಾಯಿತು. ಇನ್ನೊಂದು ಕಡೆ, 1959ರಲ್ಲಿ ಅಲ್ ಅಜ್ಹರಿನ ಶೇಖ್ ಮಹ್ಮೂದ್ ಶಲ್ತೂತ್, ಸುನ್ನಿಗಳ ಆ ದೊಡ್ಡ ಪೀಠದಲ್ಲಿ ಕೂತು, ಶಿಯಾಗಳ ಜಾಫರಿ ಪಂಥವನ್ನು ಅನುಸರಿಸಿದರೂ ಸರಿಯೇ ಎಂದು ಫತ್ವಾ ಕೊಟ್ಟರು. 2005ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ಸೇರಿದ ವಿದ್ವಾಂಸರು ಎಂಟು ಪಂಥಗಳನ್ನು ಹೆಸರಿಸಿ, ಇವುಗಳನ್ನು ಅನುಸರಿಸುವ ಯಾರನ್ನೂ ಕಾಫಿರರೆನ್ನಬಾರದೆಂದರು. ಎಂಟು ಎಂದು ಎಣಿಸಿದಾಗ ಒಂಬತ್ತನೆಯವನು ಹೊರಗೆ ನಿಂತಿರುತ್ತಾನೆ, ನಿಜ. ಆದರೂ ಒಂದಕ್ಕಿಂತ ಎಂಟು ವಾಸಿ.

ಮಾತು ಎಲ್ಲಿಂದೆಲ್ಲಿಗೋ ಹೋಯಿತು. ರೂಮಿಗೆ ವಾಪಸು ಬರೋಣ. ಅಲ್ಲಿ ಚಾಪೆ ಇದ್ದದ್ದು ಒಂದೇ. ಮಂಗಳೂರು ಅದಕ್ಕೆ ಮುಸಲ್ಲ ಎನ್ನುತ್ತಿದ್ದ, ಬಿಜಾಪುರ ಜಾನಮಾಜ್ ಎನ್ನುತ್ತಿದ್ದ. ಮೊದಲಿನವನು ಮಡಿಸದೆ ಬಿಟ್ಟರೆ ಎರಡನೆಯವನಿಗೆ ಹಾಸುವ ಕೆಲಸ ಉಳಿಯುತ್ತಿತ್ತು. ಅವರಿಬ್ಬರು ಜಗಳವಾಡಲಿಲ್ಲವೆಂದಲ್ಲ; ಸೀಮೆಎಣ್ಣೆ ತರುವ ಸರದಿ ಯಾರದೆಂದು ವಾರಕ್ಕೊಮ್ಮೆ ಆಡುತ್ತಿದ್ದರು.

ಒಂದು ಭಾನುವಾರ ಮಂಗಳೂರಿನ ಅಮ್ಮ ಡಬ್ಬಿ ಕಳಿಸಿದ್ದರು. ಏಡಿಯ ಕೊಂಬು ಕಲ್ಲಿನಷ್ಟು ಗಟ್ಟಿ. ಮಂಗಳೂರು ಹಲ್ಲಿನಲ್ಲಿ ಕಚ್ಚಿ ನೋಡಿದ, ಬಾಗಿಲ ಸಂದಿಗೆ ಇಟ್ಟು ಒತ್ತಿ ನೋಡಿದ, ಆಗಲಿಲ್ಲ. ಬಿಜಾಪುರ ತನ್ನ ರೊಟ್ಟಿಯ ತಟ್ಟೆ ಪಕ್ಕಕ್ಕಿಟ್ಟು ಎದ್ದ. ಕುಟ್ಟಾಣಿ ತಂದು, ಕೊಂಬನ್ನು ಹಳೆ ಪೇಪರಿನ ಮೇಲಿಟ್ಟು, ಒಂದೊಂದೇ ಏಟಿಗೆ ಒಂದೊಂದನ್ನು ಒಡೆದು ಅವನ ತಟ್ಟೆಗೆ ಹಾಕಿದ. ಒಂದು ಚೂರನ್ನೂ ಬಾಯಿಗಿಡಲಿಲ್ಲ. ಕೈ ತೊಳೆದು ಬಂದು ಗಡಿಯಾರ ನೋಡಿ, "ನಿನಗ ಹೊತ್ತಾತು, ಏಳಪಾ" ಎಂದ.